ಬಾಗಿಲ ಮುಂದೆ ಕೂತವರು

ಹಳೆ ಬಟ್ಟೆಯ ಗೋದಾಮಿನಲ್ಲಿ ಕೆಲಸ ಮಾಡುವ ಹೆಂಗಸರನ್ನು ಎಲ್ಲಿದ್ದರೂ ಗುರುತು ಹಿಡಿಯಬಹುದು. ಬಲಗೈ ಹೆಬ್ಬೆರಳ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಒಂದು ಗಂಟು ಎದ್ದಿರುತ್ತದೆ. ಎಲ್ಲಿಯವರೋ ಉಟ್ಟು ಬಿಟ್ಟ ಬಟ್ಟೆಗಳು ಅಲ್ಲಿಗೆ ಲಾರಿಯಲ್ಲಿ ಬರುತ್ತವೆ. ಅಂಗಿ, ಕೋಟು, ಕೂಸಿನ ಟೋಪಿ, ಆಸ್ಪತ್ರೆಯ ನಿಲುವಂಗಿ. ಅವನ್ನೆಲ್ಲ ಹರಿದು ನೂಲು ಮಾಡುವ ಯಂತ್ರಕ್ಕೆ ಹಾಕುವ ಮುಂಚೆ ಗುಂಡಿ, ಜಿಪ್ಪು, ಕೊಕ್ಕೆ ಕತ್ತರಿಸಿ ತೆಗೆಯಬೇಕು. ಒಂದು ಗುಂಡಿ ಉಳಿದರೂ ಯಂತ್ರದ ಹಲ್ಲು ಮುರಿಯುತ್ತದೆ. ಯಂತ್ರದ ಹಲ್ಲು ಮುರಿದರೆ ಹೆಂಗಸರ ಕೂಲಿ ಮುರಿಯುತ್ತದೆ. ಬಾಯಿಗೆ ಬಟ್ಟೆ ಕಟ್ಟಿದರೆ ಉಸಿರಿಲ್ಲ, ಬಿಚ್ಚಿದರೆ ಕೆಮ್ಮು. ಮಾಲೀಕನಿಗೆ ಹೇಳಿದರೆ, “ಬಟ್ಟೆಗಳೇ ಕೆಮ್ಮೋದಿಲ್ಲ, ನೀವ್ಯಾಕೆ ಕೆಮ್ತೀರಿ?” ಅನ್ನುತ್ತಿದ್ದ. ತಮಾಷೆಯ ಮನುಷ್ಯ.

ಕೂಲಿ ತೂಕದ ಮೇಲೆ. ಹಾಗಾಗಿ ಗೋದಾಮು ಮುಚ್ಚಿದ ಮೇಲೂ ಹೆಂಗಸರು ಗಂಟು ಕಟ್ಟಿ ಮನೆಗೆ ಹೊತ್ತು ತರುತ್ತಿದ್ದರು. ಓಣಿಯ ಯಾವ ಹೊಸ್ತಿಲು ನೋಡಿದರೂ ಒಬ್ಬಳು ಮಡಿಲಲ್ಲಿ ಬಟ್ಟೆ ಹಾಕಿಕೊಂಡು ಕಚಕ್ ಕಚಕ್ ಅನ್ನಿಸುತ್ತ ಕೂತಿರುತ್ತಿದ್ದಳು. ಎಲ್ಲಿ ಕೂತರೆ ಅಲ್ಲೇ ಕೆಲಸ. ಈ ಅಭ್ಯಾಸ ಬ್ಯಾಂಕಿಗೆ ಬಹಳ ಅನುಕೂಲಕ್ಕೆ ಬಂತು.

ಬ್ಯಾಂಕು ತಾನಾಗಿಯೇ ಓಣಿಗೆ ಬಂದಿತ್ತು. ಬಡವರ ಮನೆಗೆ ಬ್ಯಾಂಕು ಹುಡುಕಿಕೊಂಡು ಬಂದರೆ ಖುಷಿಪಡುವ ಮೊದಲು ಬಾಗಿಲ ಚಿಲಕ ನೋಡಿಕೊಳ್ಳಬೇಕು. ಆದರೆ ಅದನ್ನು ಆಗ ಹೇಳುವವರು ಯಾರು? ಆಸ್ತಿ ಬೇಡ, ಒಡವೆ ಬೇಡ, ಸಾಹುಕಾರನ ಜಾಮೀನು ಬೇಡ. “ನೀವೇ ಒಬ್ಬರಿಗೊಬ್ಬರು ಜಾಮೀನು ಅಕ್ಕಾ. ನಿಮ್ಮ ಮಾತೇ ನಮಗೆ ಪತ್ರ,” ಎಂದ ಬ್ಯಾಂಕಿನ ಹುಡುಗ. ಊರೂರು ಸುತ್ತುವ ಕೆಲಸದವನಾದ್ದರಿಂದ ಅವನಿಗೆ ಫೀಲ್ಡಿನವನು ಎಂದೇ ಹೆಸರು. ಬೈದವನಲ್ಲ, ಕೂಗಾಡಿದವನಲ್ಲ. ಬಾಯಲ್ಲಿ ಬೆಣ್ಣೆ ಇಟ್ಟರೂ ಕರಗದು, ಅಂಥ ತಣ್ಣಗಿನ ಮಾತು.

ವಾರಕ್ಕೊಮ್ಮೆ ಓಣಿಯ ತುದಿಯ ಖಾಲಿ ಕೋಣೆಯಲ್ಲಿ ಚಾಪೆ ಹಾಸಿ ಎಲ್ಲರನ್ನೂ ಕೂರಿಸುತ್ತಿದ್ದ. ಮೊದಲು ಪ್ರತಿಜ್ಞೆ. “ಒಬ್ಬರು ಬಿದ್ದರೆ ಎಲ್ಲರೂ ಸೇರಿ ಎತ್ತುತ್ತೇವೆ,” ಎಂದು ಎಲ್ಲರೂ ಕೈ ಮುಂದೆ ಮಾಡಿ ಹೇಳಬೇಕು. ಆಮೇಲೆ ಕಂತು. ಒಬ್ಬಳದು ಕಮ್ಮಿ ಬಿದ್ದರೂ ಉಳಿದವರದ್ದನ್ನು ಅವನು ಮುಟ್ಟುತ್ತಿರಲಿಲ್ಲ. “ಪೂರ್ತಿ ಆಗಲಿ ಅಕ್ಕಾ, ನನಗೇನೂ ಅವಸರ ಇಲ್ಲ. ಅಲ್ಲೀತನಕ ಯಾರೂ ಚಾಪೆ ಬಿಟ್ಟು ಏಳಬೇಡಿ.” ಅವನಿಗೆ ಅವಸರ ಇರಲಿಲ್ಲ, ನಿಜ. ಅವನದು ತಿಂಗಳ ಸಂಬಳ. ಗೋದಾಮಿಗೆ ಹೊತ್ತಾಗುತ್ತಿದ್ದದ್ದು ಹೆಂಗಸರಿಗೆ.

ಬಾರದವಳನ್ನು ಕೇಳಲು ಎದ್ದರೆ ಮಾತ್ರ ಅವನು ತಡೆಯುತ್ತಿರಲಿಲ್ಲ. ಆಗ ಅವರೇ ಎದ್ದು, ಅವಳ ಮನೆಗೆ ಹೋಗುತ್ತಿದ್ದರು. ಬಾಗಿಲ ಮುಂದೆ ಕೂರುತ್ತಿದ್ದರು. ಅವಳು ಎಲ್ಲಿಂದಾದರೂ ತಂದು ಕೊಡುವವರೆಗೆ ಏಳುತ್ತಿರಲಿಲ್ಲ. ಕತ್ತರಿ ಹೇಗೂ ಸೊಂಟದಲ್ಲಿ, ಗಂಟು ಹೇಗೂ ತಲೆ ಮೇಲೆ. ಕೂಲಿಯೂ ಕೆಡಲಿಲ್ಲ, ವಸೂಲಿಯೂ ಕೆಡಲಿಲ್ಲ. “ಹೋಗಿ ಕೂರಿ” ಎಂದು ಫೀಲ್ಡಿನವನು ಯಾವತ್ತೂ ಹೇಳಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಕಲೆಯಲ್ಲಿ ಅವನು ಪಳಗಿದವನು.

ಗುಂಪಿಗೆ ಮುಂದಾಳಾಗಿದ್ದವಳು ಲೀಡರಕ್ಕ. ಗಟ್ಟಿ ದನಿ, ಗಟ್ಟಿ ಕೈ. ಗಂಡ ಬಿಟ್ಟುಹೋದ ಮೇಲೆ ಓಣಿಯಲ್ಲಿ ಯಾರೂ ತನ್ನನ್ನು ಲೆಕ್ಕಕ್ಕಿಡುತ್ತಿಲ್ಲ ಎಂದು ಕೊರಗುತ್ತಿದ್ದವಳನ್ನು ಬ್ಯಾಂಕು “ಲೀಡರ್ ಮೇಡಂ” ಎಂದು ಕರೆದಾಗ ಅವಳ ಬೆನ್ನು ನೆಟ್ಟಗಾಗಿತ್ತು. ಒಂದು ಕಂತೂ ತಪ್ಪದ ಗುಂಪು ಎಂದು ಬ್ಯಾಂಕಿನವರು ಅವಳಿಗೊಂದು ನೀಲಿ ಪ್ಲಾಸ್ಟಿಕ್ ಕುರ್ಚಿಯನ್ನು ಬಹುಮಾನ ಕೊಟ್ಟರು. ಒರಗುವ ಕಡೆ ಬ್ಯಾಂಕಿನ ಹೆಸರು ಬಿಳಿ ಬಣ್ಣದಲ್ಲಿತ್ತು. ಅಲ್ಲಿಂದ ಮುಂದೆ ಯಾರ ಬಾಗಿಲ ಮುಂದೆ ಕೂರಲು ಹೋದರೂ ಉಳಿದವರು ನೆಲದಲ್ಲಿ, ಲೀಡರಕ್ಕ ಕುರ್ಚಿಯಲ್ಲಿ.

ಆವತ್ತು ಚಾಪೆಗೆ ಬಾರದವಳು ಹೊಲಿಗೆಯವಳು. ಓಣಿಯಲ್ಲಿ ಹೊಲಿಗೆ ಯಂತ್ರ ಇದ್ದದ್ದು ಅವಳಿಗೊಬ್ಬಳಿಗೇ. ಗೋದಾಮಿನ ಕೆಲಸದ ಜೊತೆಗೆ, ಗುಂಡಿ ಕತ್ತರಿಸಿದ ಹತ್ತಿ ಬಟ್ಟೆಗಳಲ್ಲಿ ಒಳ್ಳೆಯವನ್ನು ಆರಿಸಿ, ಗ್ಯಾರೇಜುಗಳಿಗೆ ಎಣ್ಣೆ ಒರೆಸುವ ಬಟ್ಟೆ ಹೊಲಿದು ಮಾರುತ್ತಿದ್ದಳು. ಗಂಡ ಅದೇ ಗೋದಾಮಿನಲ್ಲಿ ಲಾರಿ ಇಳಿಸುವವನು. ಎರಡು ವಾರದಿಂದ ಎದೆ ಹಿಡಿದುಕೊಂಡು ಮಲಗಿದ್ದ. ಕೆಮ್ಮು ಅಂದುಕೊಂಡಿದ್ದರು. ಆ ಓಣಿಯಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಎಂದು ಕರೆಯುತ್ತಿರಲಿಲ್ಲ.

“ಪೂರ್ತಿ ಆಗಿಲ್ವಲ್ಲ ಅಕ್ಕಾ,” ಎಂದ ಫೀಲ್ಡಿನವನು, ಗೋಡೆಗೆ ಒರಗಿ ಮೊಬೈಲು ನೋಡುತ್ತ.

“ನೀನೇ ಹೋಗಿ ಕೇಳಪ್ಪ,” ಎಂದಳು ಅಜ್ಜಿ. ಅವಳು ಗುಂಪಿನಲ್ಲೆಲ್ಲ ಹಿರಿಯಳು, ಅರ್ಧ ಹಲ್ಲಿನವಳು.

“ಬ್ಯಾಂಕಿನೋರು ಯಾರ ಮನೆ ಬಾಗಿಲಿಗೂ ಹೋಗಬಾರದು ಅಂತ ರೂಲ್ಸ್ ಇದೆ ಅಜ್ಜಿ. ನಿಮ್ಮ ನಿಮ್ಮ ಒಳಗಿನ ವಿಷಯ. ನೀವೇ ನೋಡ್ಕೊಳಿ.”

ನೋಡಿಕೊಂಡರು. ಲೀಡರಕ್ಕ ಕುರ್ಚಿ ಎತ್ತಿಕೊಂಡಳು, ಉಳಿದವರು ಗಂಟು ಎತ್ತಿಕೊಂಡರು. ಬಾಗಿಲು ತಟ್ಟಿದರು. ಒಳಗಿನಿಂದ ದನಿ ಬಂತು.

“ಇವತ್ತಾಗಲ್ಲ ಅಕ್ಕಾ. ದಯವಿಟ್ಟು ಹೋಗಿ.”

“ನೀನು ಬಾಗಿಲು ತೆಗಿ, ಆಮೇಲೆ ಮಾತು.”

“ಆಗಲ್ಲಕ್ಕಾ…”

“ಹಂಗಾದ್ರೆ ನಮಗೂ ಏಳೋಕೆ ಆಗಲ್ಲ.”

ಕೂತರು. ಕತ್ತರಿಗಳು ಶುರುವಾದವು. ಬಿಸಿಲು ಏರಿತು. ಗುಂಪಿನಲ್ಲಿ ರೇಡಿಯೋ ಎಂಬ ಅಡ್ಡಹೆಸರಿನವಳೊಬ್ಬಳಿದ್ದಳು. ಅವಳು ಬಾಯಿ ಮುಚ್ಚಿದ್ದನ್ನು ನೋಡಿದವರಿಲ್ಲ. “ಒಳಗೆ ಗಂಡ ಹೆಂಡ್ತಿ ಹಾಯಾಗಿ ಮಲಗಿದಾರೆ, ಹೊರಗೆ ನಾವು ಪುಕ್ಕಟೆ ಕಾವಲು!” ಎಂದಳು. ಎಲ್ಲರೂ ನಕ್ಕರು. ಲೀಡರಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಒಳಗೆ ಏನೋ ಬಿದ್ದ ಸದ್ದಾಯಿತು. “ಮಂಚ ಮುರೀತು!” ಎಂದಳು ರೇಡಿಯೋ. ಮತ್ತೆ ನಕ್ಕರು.

ಊಟದ ಹೊತ್ತು ದಾಟಿದ ಮೇಲೆ ಬಾಗಿಲು ತೆರೆಯಿತು. ಹೊಲಿಗೆಯವಳು ಹೊಸ್ತಿಲಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. ಸೆರಗೆಲ್ಲ ಒದ್ದೆಯಾಗಿತ್ತು.

“ಒಂದು ಕೈ ಹಿಡೀರಕ್ಕಾ. ಮಂಚದಿಂದ ಬಿದ್ದಿದಾರೆ. ನನ್ನೊಬ್ಬಳಿಂದ ಎತ್ತೋಕಾಗ್ತಿಲ್ಲ.”

ಎಲ್ಲರೂ ಸೇರಿ ಎತ್ತಿದರು. ಪ್ರತಿಜ್ಞೆಯಲ್ಲಿ ಹೇಳುತ್ತಿದ್ದ ಹಾಗೇ. ಆದರೆ ಎತ್ತುವಾಗಲೇ ಲೀಡರಕ್ಕನ ಕೈಗೆ ಗೊತ್ತಾಯಿತು, ಆ ಮೈ ಆಗಲೇ ತಣ್ಣಗಾಗಿದೆ ಎಂದು. ಆಸ್ಪತ್ರೆಯಲ್ಲಿ ಡಾಕ್ಟರು, “ಬೆಳಿಗ್ಗೇನೇ ತಂದಿದ್ರೆ…” ಎಂದವರು ಹೆಂಗಸರ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದರು. ಬೆಳಿಗ್ಗೆ ಹೊಲಿಗೆಯವಳು ಹೊರಟೇ ಇದ್ದಳು. ಗೋದಾಮಿನ ಮಾಲೀಕನ ಹತ್ತಿರ ಮುಂಗಡ ಕೇಳಿ ಆಟೋ ತರೋಣ ಎಂದು ಚಿಲಕಕ್ಕೆ ಕೈ ಹಾಕಿದ್ದಾಗ ಹೊರಗೆ ಕುರ್ಚಿ ಇಟ್ಟ ಸದ್ದು ಕೇಳಿತ್ತು. ಕೈ ಹಿಂದಕ್ಕೆ ತೆಗೆದಿದ್ದಳು. ಎಲ್ಲರ ಕಣ್ಣೆದುರು ಕಂತು ಕಟ್ಟದ ಮುಖ ಹೊತ್ತು ಹಾದುಹೋಗುವ ಧೈರ್ಯ ಬಂದಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಹೋಗುತ್ತಾರೆ, ಇನ್ನು ಸ್ವಲ್ಪ ಹೊತ್ತಿಗೆ ಹೋಗುತ್ತಾರೆ ಎಂದು ಕಾದಿದ್ದಳು.

ಮುಂದಿನ ವಾರ ಫೀಲ್ಡಿನವನು ಚಾಪೆ ಹಾಸಿ, “ಬಹಳ ದುಃಖ ಆಯ್ತು ಅಕ್ಕಾ,” ಎಂದ. ಆಮೇಲೆ ತಪ್ಪಿದ ಕಂತನ್ನೂ ಸೇರಿಸಿ ಕೇಳಿದ. ಹೊಲಿಗೆಯವಳು ಯಂತ್ರ ಮಾರಿ ಕೊಟ್ಟಳು. ಅದು ಬಡ್ಡಿಗೆ ಸರಿಹೋಯಿತು, ಸಾಲ ಹಾಗೇ ಉಳಿಯಿತು.

ಸುದ್ದಿ ಕೇಳಿ ಶಾಸಕರು ಬಂದರು. ವಿರೋಧ ಪಕ್ಷದವರು. ಮೊದಲು ಬಸ್ ಕಂಡಕ್ಟರ್ ಆಗಿದ್ದವರಾದ್ದರಿಂದ ಜನ ಅವರನ್ನು ಸೀಟಿ ಸಾಹೇಬರು ಅನ್ನುತ್ತಿದ್ದರು. “ಆಗ ಸೀಟಿ ಊದಿದ್ರೆ ಬಸ್ಸಾದ್ರೂ ನಿಲ್ತಿತ್ತು, ಈಗ ಊದಿದ್ರೆ ಸರ್ಕಾರ ತಿರುಗಿ ಕೂಡ ನೋಡಲ್ಲ,” ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಿದ್ದರು. ಕೂರಲು ಏನಾದರೂ ಬೇಕಲ್ಲ, ಲೀಡರಕ್ಕನ ಮನೆಯಿಂದ ರೇಡಿಯೋ ಓಡಿಹೋಗಿ ಕುರ್ಚಿ ತಂದಳು. ನೀಲಿ ಕುರ್ಚಿ. ಅದೇ ಬಾಗಿಲ ಮುಂದೆ, ಆವತ್ತು ಇದ್ದ ಜಾಗದಲ್ಲೇ ಇಟ್ಟಳು. ಶಾಸಕರು ಬ್ಯಾಂಕಿನ ಹೆಸರಿಗೆ ಬೆನ್ನು ಒರಗಿಸಿ ಕೂತರು. ಲೀಡರಕ್ಕ ಅಜ್ಜಿಯ ಹಿಂದಕ್ಕೆ ಸರಿದು ನಿಂತಳು.

“ಈಗ ಹೇಳಿ. ಆವತ್ತು ಈ ಬಾಗಿಲ ಮುಂದೆ ಕೂತು ತೊಂದ್ರೆ ಕೊಟ್ಟವರು ಯಾರು?”

ಅಜ್ಜಿ ನೆಲ ಕೆರೆಯುತ್ತಿದ್ದಳು. ರೇಡಿಯೋ ಕೂಡ ಬಂದ್ ಆಗಿತ್ತು. ಲೀಡರಕ್ಕನಿಗೆ ಹೇಳಬೇಕು ಅನ್ನಿಸಿತು. ಬಾಯಿಯವರೆಗೂ ಬಂದದ್ದನ್ನು ನುಂಗಿಕೊಂಡಳು. ಪೊಲೀಸರು, ಕೋರ್ಟು, ಓಣಿಯ ಮಕ್ಕಳು ಬೆರಳು ತೋರಿಸುವುದು, ಎಲ್ಲ ಕಣ್ಣ ಮುಂದೆ ಬಂತು.

“ಬ್ಯಾಂಕಿನೋರು ಸ್ವಾಮಿ,” ಎಂದಳು.

“ಬ್ಯಾಂಕಿನ ನೌಕರರು?”

“ಹೂಂ. ಅವರೇ.”

ಎಲ್ಲರೂ ತಲೆಯಾಡಿಸಿದರು. ಶಾಸಕರು ಹೊಲಿಗೆಯವಳ ಕಡೆ ತಿರುಗಿದರು. “ಹೌದೇನಮ್ಮ?”

ಹೊಲಿಗೆಯವಳು ಲೀಡರಕ್ಕನನ್ನು ಒಂದು ಸಲ ನೋಡಿದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಸೆರಗು ಎಳೆದುಕೊಂಡು ಒಳಗೆ ಹೋದಳು. ಅವಳು ನಾಲ್ಕು ಜನರ ಮುಂದೆ ಉಗಿದಿದ್ದರೂ ಲೀಡರಕ್ಕನಿಗೆ ಅಷ್ಟು ನೋಯುತ್ತಿರಲಿಲ್ಲ.

“ಸದನದಲ್ಲಿ ಕೇಳ್ತೀನಿ,” ಎಂದರು ಶಾಸಕರು. “ಈ ಸಾಲ ರದ್ದಾಗಬೇಕು. ಇನ್ನು ಮುಂದೆ ಯಾರೂ ಯಾರ ಬಾಗಿಲ ಮುಂದೂ ಕೂರದ ಹಾಗೆ ಕಾನೂನು ಆಗಬೇಕು. ಸರ್ಕಾರದ ದುಡ್ಡೆಲ್ಲ ಇದೇ ಬ್ಯಾಂಕಲ್ಲಿದೆ. ಹಾಗಾಗಿ ಸರ್ಕಾರ ಬಾಯಿ ಬಿಡಲೇಬೇಕು. ನೀವೂ ಬನ್ನಿ, ಗ್ಯಾಲರಿಯಲ್ಲಿ ಕೂತು ಕೇಳಿ.”

ಅವರು ಹೋದ ಮೇಲೆ ಅಜ್ಜಿ ಕುರ್ಚಿಯನ್ನು ಕಾಲಿನಿಂದ ಅತ್ತ ತಳ್ಳಿದಳು. “ಕೊಡಲಿ ಕಾವು ಕುಲಕ್ಕೆ ಸಾವು ಅಂತಾರೆ. ನಾವೇ ಕಣೇ ಆ ಕಾವು,” ಎಂದಳು.

ಲೀಡರಕ್ಕ, ಅಜ್ಜಿ, ರೇಡಿಯೋ, ಹೊಲಿಗೆಯವಳು, ನಾಲ್ವರು ಹೋದರು. ಸದನದ ಹೆಬ್ಬಾಗಿಲಲ್ಲಿ ತಡೆದು ಸೊಂಟದ ಕತ್ತರಿಗಳನ್ನು ಕಿತ್ತುಕೊಂಡರು. “ಒಳಗೆ ಆಯುಧ ತಗೊಂಡು ಹೋಗೋ ಹಾಗಿಲ್ಲ,” ಎಂದ ಕಾವಲಿನವ. “ಗುಂಡಿ ಕತ್ತರಿಸೋದಪ್ಪಾ,” ಎಂದಳು ರೇಡಿಯೋ. “ಒಳಗಿರೋರಿಗೂ ಗುಂಡಿ ಇದೆ,” ಎಂದ ಅವನು. ಬೇರೆ ದಿನವಾಗಿದ್ದರೆ ರೇಡಿಯೋ ಅದಕ್ಕೆ ತಕ್ಕ ಉತ್ತರ ಕೊಡದೆ ಬಿಡುತ್ತಿರಲಿಲ್ಲ.

ಗ್ಯಾಲರಿ ಎತ್ತರದಲ್ಲಿತ್ತು. ಚಪ್ಪಾಳೆ ತಟ್ಟಬಾರದು, ಮಾತಾಡಬಾರದು, ಮುಂದೆ ಬಾಗಬಾರದು. ತಣ್ಣಗೆ ಗಾಳಿ ಬರುತ್ತಿತ್ತು. ಅಷ್ಟು ಸ್ವಚ್ಛವಾದ ಗಾಳಿಯಲ್ಲಿ ಅಜ್ಜಿಗೆ ಕೆಮ್ಮು ಬಂದುಬಿಟ್ಟಿತು, ಬಾಯಿಗೆ ಸೆರಗು ತುರುಕಿಕೊಂಡಳು. ಕೆಳಗೆ ಒಂದು ಪಕ್ಕದಲ್ಲಿ ಬ್ಯಾಂಕಿನ ದೊಡ್ಡ ಸಾಹೇಬರು ಅಧಿಕಾರಿಗಳ ಸಾಲಿನಲ್ಲಿ ಕೂತಿದ್ದರು. ಹೊಲಿಗೆಯವಳು ಲೀಡರಕ್ಕನ ಪಕ್ಕದಲ್ಲಿ ಕೂರದೆ, ಅಜ್ಜಿಯ ಆಚೆ ಹೋಗಿ ಕೂತಳು.

ಶಾಸಕರು ಎದ್ದರು. ಕಂಡಕ್ಟರನ ಗಂಟಲು, ಮೈಕು ಬೇಕಿರಲಿಲ್ಲ.

“ಸಭಾಧ್ಯಕ್ಷರೇ, ಹಳೆ ಬಟ್ಟೆ ಗೋದಾಮಿನ ಮಾಲೀಕರೊಬ್ಬರು ಈ ಬ್ಯಾಂಕಿಗೆ ಕೋಟಿಗಟ್ಟಲೆ ಬಾಕಿ. ಅವರಿಗೆ ಬ್ಯಾಂಕು ವರ್ಷಗಟ್ಟಲೆ ವಾಯಿದೆ ಕೊಟ್ಟಿದೆ. ಕೂರಿಸಿ ಕಾಫಿ ಕೊಟ್ಟು ವಾಯಿದೆ ಕೊಟ್ಟಿದೆ. ಅದೇ ಗೋದಾಮಿನಲ್ಲಿ ಗುಂಡಿ ಕತ್ತರಿಸೋ ಹೆಂಗಸಿಗೆ ಒಂದು ದಿನದ ವಾಯಿದೆ ಯಾಕೆ ಕೊಡಲಿಲ್ಲ? ಬ್ಯಾಂಕಿನ ನೌಕರರು ಆಕೆಯ ಬಾಗಿಲ ಮುಂದೆ ಕೂತಿದ್ದರಿಂದ, ಒಳಗಿದ್ದ ರೋಗಿಯನ್ನ ಆಸ್ಪತ್ರೆಗೆ ಒಯ್ಯೋಕಾಗಲಿಲ್ಲ. ಒಬ್ಬ ಮನುಷ್ಯ ಸತ್ತ. ಇದು ಸರ್ಕಾರಕ್ಕೆ ಗೊತ್ತಿದೆಯಾ? ಗೊತ್ತಿದ್ದರೆ, ಇಂಥ ಬ್ಯಾಂಕಿನಲ್ಲಿ ಜನರ ತೆರಿಗೆ ದುಡ್ಡನ್ನ ಯಾಕೆ ಇಟ್ಟಿದೀರಿ?”

ವಿರೋಧ ಪಕ್ಷದವರು ಮೇಜು ಕುಟ್ಟಿದರು. ಒಂದು ಗಳಿಗೆ ಲೀಡರಕ್ಕನಿಗೂ ತಾನು ಹೇಳಿದ್ದೇ ನಿಜವಿರಬಹುದು ಅನ್ನಿಸಿತು. ನಾಲ್ಕು ಜನ ದೊಡ್ಡವರು ಗಟ್ಟಿಯಾಗಿ ಹೇಳಿದರೆ ಸುಳ್ಳಿಗೂ ಬೆನ್ನುಮೂಳೆ ಬರುತ್ತದೆ.

ಹಣಕಾಸಿನ ಮಂತ್ರಿಗಳು ನಿಧಾನವಾಗಿ ಎದ್ದರು. ಬ್ಯಾಂಕಿನ ಸಾಹೇಬರು ಕಳಿಸಿದ ಚೀಟಿ ಅವರ ಕೈಯಲ್ಲಿತ್ತು.

“ಮಾನ್ಯ ಸದಸ್ಯರ ಕಳಕಳಿಗೆ ನಾನೂ ಸ್ಪಂದಿಸುತ್ತೇನೆ. ಆದರೆ ಒಂದು ಸಣ್ಣ ತಿದ್ದುಪಡಿ. ಆ ದಿನ ಬ್ಯಾಂಕಿನ ಒಬ್ಬನೇ ಒಬ್ಬ ನೌಕರನೂ ಆ ಮನೆಗೆ ಹೋಗಿಲ್ಲ. ಹೋಗೋದಕ್ಕೆ ನಿಯಮವೇ ಇಲ್ಲ. ಬಾಗಿಲ ಮುಂದೆ ಕೂತಿದ್ದವರು ಅದೇ ಓಣಿಯ ಹೆಂಗಸರು ಅಂತ ಪೊಲೀಸ್ ವರದಿ ಇದೆ. ಅಕ್ಕಪಕ್ಕದ ಹೆಂಗಸರು ಮನೆ ಮುಂದೆ ಕೂತು ಮಾತಾಡೋದನ್ನ ಸರ್ಕಾರ ನಿಷೇಧ ಮಾಡಬೇಕಾ? ಮಾಡಿದರೆ ನಮ್ಮ ಮನೆಗಳಲ್ಲೇ ನಮಗೆ ಊಟ ಸಿಗೋದಿಲ್ಲ!”

ಆಳುವ ಪಕ್ಷದ ಸಾಲುಗಳು ಗೊಳ್ಳೆಂದವು. ಮಂತ್ರಿಗಳು ನಗು ನಿಲ್ಲುವವರೆಗೆ ಕಾದರು.

“ಇನ್ನೊಂದು ಮಾತು. ಈ ಗುಂಪು ಸಾಲದ ಯೋಜನೆ ಶುರುವಾದದ್ದು ಯಾರ ಕಾಲದಲ್ಲಿ? ಇದೇ ಸದಸ್ಯರ ಸರ್ಕಾರ ಇದ್ದಾಗ. ದೀಪ ಹಚ್ಚಿ ಉದ್ಘಾಟನೆ ಮಾಡಿದವರೂ ಇವರೇ. ‘ಹೆಂಗಸರಿಗೆ ಹೆಂಗಸರೇ ಕಾವಲು’ ಅಂತ ಭಾಷಣ ಮಾಡಿದವರೂ ಇವರೇ. ಈಗ ಸುಳ್ಳು ಹೇಳಿ ಒಂದು ಒಳ್ಳೆ ಬ್ಯಾಂಕಿಗೆ ಮಸಿ ಬಳೀತಾ ಇದ್ದಾರೆ.”

“ಸುಳ್ಳು! ಸುಳ್ಳು!” ಎಂದು ಆ ಕಡೆಯ ಸಾಲುಗಳು ಮೇಜು ಕುಟ್ಟತೊಡಗಿದವು. “ಕ್ಷಮೆ ಕೇಳಿ!”

ಶಾಸಕರು ನಿಂತಲ್ಲೇ ನಿಂತಿದ್ದರು. ಆಮೇಲೆ ತಲೆ ಎತ್ತಿ ಗ್ಯಾಲರಿಯ ಕಡೆ ನೋಡಿದರು. ಸಿಟ್ಟಿನಿಂದಲ್ಲ. ಟಿಕೆಟ್ಟಿಲ್ಲದೆ ಹತ್ತಿದ ಮುದುಕಿಯನ್ನು ಕಂಡಕ್ಟರ್ ನೋಡುವ ಹಾಗೆ, ಏನು ಮಾಡಲಿ ಹೇಳು ಎನ್ನುವ ಹಾಗೆ ನೋಡಿದರು.

ಲೀಡರಕ್ಕನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಲ್ಲಿ ಕತ್ತರಿ ಇರಲಿಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕೆಳಗಿನವರಿಗೆ ಅವಳ ಹೆಸರಿಲ್ಲ, ಮುಖವಿಲ್ಲ. ಮಾತಾಡಿದರೆ, ನಾಳೆಯಿಂದ ಅವಳು ಒಬ್ಬ ಮನುಷ್ಯನನ್ನು ಸಾಯಿಸಿದವಳು. ಅಜ್ಜಿಯ ಆಚೆಯಿಂದ ಹೊಲಿಗೆಯವಳು ಅವಳನ್ನೇ ನೋಡುತ್ತಿದ್ದಳು. ಆವತ್ತು ಹೊಸ್ತಿಲಲ್ಲಿ ನಿಂತು ಒಂದು ಕೈ ಹಿಡೀರಿ ಎಂದಾಗ ನೋಡಿದ ನೋಟವೇ.

ಲೀಡರಕ್ಕ ಎದ್ದು ನಿಂತಳು.

“ಹೋದವರು ನಾವೇ ಸ್ವಾಮಿ!”

ಸದನದ ತಲೆಗಳೆಲ್ಲ ಮೇಲೆ ತಿರುಗಿದವು.

“ಆ ಬಾಗಿಲ ಮುಂದೆ ಕೂತು ನಕ್ಕವರು ನಾವೇ! ಮಂತ್ರಿಗಳು ಹೇಳಿದ್ದು ನಿಜ. ಸುಳ್ಳು ಹೇಳಿದವಳು ನಾನು, ನಮ್ಮ ಸಾಹೇಬರಲ್ಲ. ಆದ್ರೆ ನಮ್ಮನ್ನ ಚಾಪೆ ಮೇಲೆ ಕಟ್ಟಿಹಾಕಿದವರು ಯಾರು ಅಂತ ಕೇಳಿ! ಒಬ್ಬಳ ಕಂತು ತಪ್ಪಿದ್ರೆ ಉಳಿದವರ ಕೂಲಿ ಕಿತ್ಕೊಂಡವರು ಯಾರು ಅಂತ ಕೇಳಿ! ಯಾರೂ ಕಳಿಸದೆ ಯಾರು ಸ್ವಾಮಿ ಹೋಗ್ತಾರೆ, ಒಡಹುಟ್ಟಿದವಳ ಹಾಗಿದ್ದವಳ ಬಾಗಿಲಿಗೆ?”

ಅಷ್ಟರಲ್ಲಿ ಕಾವಲಿನವರು ಎರಡೂ ತೋಳು ಹಿಡಿದರು. ಬಾಗಿಲವರೆಗೆ ಎಳೆದುಕೊಂಡು ಹೋಗುವಾಗಲೂ ಅವಳು “ನಾವೇ, ನಾವೇ,” ಎನ್ನುತ್ತಿದ್ದಳು. ಸಭಾಧ್ಯಕ್ಷರು ಗಂಟೆ ಬಾರಿಸಿ, “ಗ್ಯಾಲರಿಯಿಂದ ಬಂದ ಮಾತು ಕಡತಕ್ಕೆ ಹೋಗತಕ್ಕದ್ದಲ್ಲ,” ಎಂದರು. ಮಂತ್ರಿಗಳ ನಗೆಚಾಟಿಕೆ ಕಡತಕ್ಕೆ ಹೋಯಿತು. ನಕ್ಕವರ ನಗು ಕೂಡ ‘ನಗು’ ಎಂದು ಕಡತದಲ್ಲಿ ಬಿತ್ತು. ಅವಳ ಮಾತು ಎಲ್ಲೂ ಇಲ್ಲ.

ಸಂಜೆಯವರೆಗೆ ಕಾವಲು ಕೋಣೆಯಲ್ಲಿ ಕೂರಿಸಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಶಾಸಕರು ಹೊರಗೆ ಕಾದಿದ್ದರು.

“ನನಗೆ ಮೊದಲೇ ಯಾಕೆ ಹೇಳಲಿಲ್ಲ?”

“ನಾಚಿಕೆ ಆಯ್ತು ಸ್ವಾಮಿ.”

“ನಿಮ್ಮ ನಾಚಿಕೆಗೆ ನನ್ನ ಮಾನ ಹೋಯ್ತಲ್ಲಮ್ಮ.”

ಲೀಡರಕ್ಕ ಅವರ ಕಾಲು ಹಿಡಿಯಲು ಬಗ್ಗಿದಳು. ಅವರು ಹಿಂದೆ ಸರಿದರು.

“ಬೇಡ. ನನ್ನ ಕಾಲು ಹಿಡಿಯೋಂಥದ್ದೇನೂ ಇಲ್ಲ. ಉದ್ಘಾಟನೆ ಮಾಡಿದ್ದು ನಾನೇ. ಆ ಭಾಷಣಾನೂ ನಾನೇ ಮಾಡಿದ್ದು. ಯಾರೋ ಬರೆದು ಕೊಟ್ಟಿದ್ರು, ಚೆನ್ನಾಗಿದೆ ಅಂತ ಗಟ್ಟಿಯಾಗಿ ಓದಿದೆ. ಕಾವಲು ಅಂದ್ರೆ ಏನು ಅಂತ ಕೇಳಲಿಲ್ಲ. ನಿಮ್ಮ ಓಣಿಗೆ ಬಂದಾಗಲೂ ಎಲ್ಲರೆದುರು ಕುರ್ಚಿ ಮೇಲೆ ಕೂತು ಕೇಳಿದೆ. ಕುರ್ಚಿ ಮೇಲೆ ಕೂತು ಕೇಳಿದ್ರೆ ಯಾರು ನಿಜ ಹೇಳ್ತಾರೆ?” ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. “ನೀವು ಹೋದಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. ಚಾಪೆಯಿಂದ ಏಳಬೇಡಿ ಅಂತ ಯಾರು ಹೇಳಿದ್ದು ಅಂತ. ಹೊತ್ತು ಮುಗೀತು ಅಂದ್ರು. ಒಂದು ಸಮಿತಿ ಮಾಡ್ತಾರಂತೆ. ನಾನು ಕೇಳ್ತಾನೇ ಇರ್ತೀನಿ. ಆದ್ರೆ ಒಳಗೆ ನಾನೊಬ್ಬ ಸೀಟಿ ಊದಿದ್ರೆ ಆಗಲ್ಲಮ್ಮ. ಹೊರಗಿನಿಂದ ಯಾರಾದ್ರೂ ಬಸ್ಸಿಗೆ ಅಡ್ಡ ನಿಲ್ಲಬೇಕು.”

ಮನೆಗೆ ಹೋಗುವ ಬಸ್ಸಿನಲ್ಲಿ ಜಾಗ ಇರಲಿಲ್ಲ. ಲೀಡರಕ್ಕ ಕಂಬಿ ಹಿಡಿದು ನಿಂತಿದ್ದಳು. ಹೊಲಿಗೆಯವಳು ಕೂತಿದ್ದ ಸೀಟಿನ ಪಕ್ಕದಲ್ಲೇ.

“ನೀನು ಆವತ್ತೇ ಹೇಳಬಹುದಿತ್ತಲ್ಲೇ,” ಎಂದಳು ಲೀಡರಕ್ಕ. “ಇವರೇ ಕೂತವರು ಅಂತ ನನ್ನ ಮುಖಕ್ಕೆ ಬೆರಳು ತೋರಿಸಬಹುದಿತ್ತು.”

ಹೊಲಿಗೆಯವಳು ಕಿಟಕಿಯಾಚೆ ನೋಡುತ್ತ ಹೇಳಿದಳು. “ಹೆಂಗೆ ತೋರಿಸ್ಲಿ? ಹೋದ ವರ್ಷ ಅಜ್ಜಿ ಬಾಗಿಲ ಮುಂದೆ ನಾನೂ ಕೂತಿದ್ದೆನಲ್ಲ. ನಿಮ್ಮ ಪಕ್ಕದಲ್ಲೇ. ಅಜ್ಜಿ ಕಿವಿ ಓಲೆ ಬಿಚ್ಚಿಕೊಟ್ಟಾಗ, ಸದ್ಯ, ಮನೆಗೆ ಹೋಗಬಹುದು ಅಂದ್ಕೊಂಡಿದ್ದೆ.”

ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಖಾಲಿ ಕಿವಿಯನ್ನು ಒಮ್ಮೆ ಮುಟ್ಟಿಕೊಂಡಳು. ಇದುವರೆಗೂ ಗುಂಪಿನಲ್ಲಿ ಯಾರೂ ಅವಳಲ್ಲಿ ತಪ್ಪಾಯಿತು ಎಂದಿರಲಿಲ್ಲ. ಹಾಗೆ ಎನ್ನಬೇಕು ಎಂದು ತೋಚಿಯೂ ಇರಲಿಲ್ಲ.

ಮುಂದಿನ ವಾರ ಫೀಲ್ಡಿನವನು ಖಾಲಿ ಕೋಣೆಗೆ ಬಂದು ಚಾಪೆ ಹಾಸಿದ. ಯಾರೂ ಬರಲಿಲ್ಲ. ಬಹಳ ಹೊತ್ತು ಕಾದ. ಅವನಿಗೆ ಮೊದಲ ಸಲ ಅವಸರ ಶುರುವಾಯಿತು.

ಹೆಂಗಸರು ಆಗಲೇ ಪೇಟೆಯ ಬೀದಿಯಲ್ಲಿದ್ದರು. ಬ್ಯಾಂಕಿನ ಗಾಜಿನ ಬಾಗಿಲ ಮುಂದೆ, ಮೆಟ್ಟಿಲ ತುಂಬ. ಅವರ ಗುಂಪಷ್ಟೇ ಅಲ್ಲ. ರೇಡಿಯೋ ಎರಡು ದಿನದಿಂದ ಓಣಿ ಓಣಿ ಸುತ್ತಿದ್ದಳು. ಅವಳ ಬಾಯಿ ಇಷ್ಟು ವರ್ಷಕ್ಕೆ ಒಂದು ಒಳ್ಳೆ ಕೆಲಸಕ್ಕೆ ಬಂತು. ಗಂಟುಗಳು ಬಿಚ್ಚಿದವು, ಕತ್ತರಿಗಳು ಶುರುವಾದವು. ಕಚಕ್ ಕಚಕ್. ಗುಂಡಿಗಳು ಮೆಟ್ಟಿಲ ಮೇಲೆ ಉರುಳುತ್ತಿದ್ದವು.

ಮ್ಯಾನೇಜರು ಹೊರಗೆ ಬಂದರು. “ಏನಿದು? ಯಾರು ಕಳಿಸಿದ್ದು ನಿಮ್ಮನ್ನ? ಆ ಸೀಟಿ ಸಾಹೇಬನಾ?”

“ಯಾರೂ ಕಳಿಸಿಲ್ಲ ಸಾರ್,” ಎಂದಳು ಅಜ್ಜಿ. “ಅಕ್ಕಪಕ್ಕದ ಹೆಂಗಸರು. ಕೂತು ಮಾತಾಡ್ತಾ ಇದೀವಿ. ಮಂತ್ರಿಗಳೇ ಹೇಳಿದಾರಲ್ಲ, ಇದಕ್ಕೆ ನಿಷೇಧ ಇಲ್ಲ ಅಂತ.”

“ಎದ್ದು ಹೋಗ್ತೀರೋ ಪೊಲೀಸರನ್ನ ಕರೀಲೋ?”

“ಸಾಲ ರದ್ದಾಗಲಿ, ಚಾಪೆ ರೂಲ್ಸು ಹೋಗಲಿ, ಇವಳ ಯಂತ್ರ ವಾಪಸ್ ಬರಲಿ. ಪೂರ್ತಿ ಆಗಲಿ ಸಾರ್, ನಮಗೇನೂ ಅವಸರ ಇಲ್ಲ,” ಎಂದಳು ರೇಡಿಯೋ. “ಪೊಲೀಸರನ್ನೂ ಕರೀರಿ. ಅವರ ಅಂಗೀಲೂ ಗುಂಡಿ ಇರುತ್ತೆ.”

ಲೀಡರಕ್ಕ ಕೊನೆಗೆ ಬಂದಳು. ತಲೆಯ ಮೇಲೆ ನೀಲಿ ಕುರ್ಚಿ ಇತ್ತು. ಜನರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಿ, ಅದನ್ನು ಮ್ಯಾನೇಜರ ಪಕ್ಕದಲ್ಲಿಟ್ಟಳು. “ನಿಮ್ಮದು ಸಾರ್. ನಿಮ್ಮಲ್ಲೇ ಇರಲಿ,” ಎಂದಳು. ಆಮೇಲೆ ಎಲ್ಲರ ಜೊತೆ ನೆಲದಲ್ಲಿ ಕೂರಲು ಹೊರಟವಳು, ಏನೋ ನೆನಪಾದವಳಂತೆ ನಿಂತು, ಗಾಜಿನ ಬಾಗಿಲಿನ ಕಡೆ ತಿರುಗಿದಳು. ಬಾಗಿಲಿಗೆ ಮುಖ ಹತ್ತಿರ ಹಿಡಿದು ಗಟ್ಟಿಯಾಗಿ ಕೇಳಿದಳು.

“ಒಳಗೆ ಯಾರಿಗಾದ್ರೂ ಮೈ ಹುಷಾರಿಲ್ವಾ? ಆಸ್ಪತ್ರೆಗೆ ಹೋಗಬೇಕಾದವರು ಯಾರಾದ್ರೂ ಇದೀರಾ? ಇದ್ರೆ ಈಗ್ಲೇ ಹೇಳಿ. ನಾವೇ ದಾರಿ ಬಿಡ್ತೀವಿ, ನಾವೇ ಎತ್ಕೊಂಡು ಹೋಗ್ತೀವಿ.”

ಒಳಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮ್ಯಾನೇಜರಿಗೆ ಇದು ಬೆದರಿಕೆಯೋ ತಮಾಷೆಯೋ ಗೊತ್ತಾಗಲಿಲ್ಲ. ಹೊರಗೆ ಕತ್ತರಿಗಳ ಸದ್ದು ನಿಂತುಹೋಗಿತ್ತು.

ಲೀಡರಕ್ಕ ಮೆಟ್ಟಿಲಿಳಿದು ಬಂದು, ಜಾಗ ಇದ್ದ ಕಡೆ ಕೂತಳು. ಅದು ಹೊಲಿಗೆಯವಳ ಪಕ್ಕವಾಗಿತ್ತು. ಹೊಲಿಗೆಯವಳು ದೂರ ಸರಿಯಲಿಲ್ಲ. ಮಡಿಲಲ್ಲಿದ್ದ ಯಾರದೋ ಗಂಡಸಿನ ಅಂಗಿಯನ್ನು ಮಡಚುತ್ತ, ಬಿಚ್ಚುತ್ತ, ಬಹಳ ಮೆಲ್ಲಗೆ ಹೇಳಿದಳು.

“ಆವತ್ತು ಇಷ್ಟು ಕೇಳಿದ್ದಿದ್ರೆ ಸಾಕಿತ್ತಲ್ಲಕ್ಕಾ.”

“ಸಾಕಿತ್ತು ಕಣೇ,” ಎಂದಳು ಲೀಡರಕ್ಕ.

ಬೀದಿಯ ತುದಿಯಲ್ಲಿ ಪೊಲೀಸ್ ವ್ಯಾನು ಬಂದು ನಿಂತಿತು. ಯಾರೂ ಏಳಲಿಲ್ಲ.